ಶಶಿರೇಖಾ ಕೂತ ಹೊತ್ತು

ಕೃಷ್ಣರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಶಶಿರೇಖಾಳ ಅಂಗಡಿ ಇದೆ. ಅಂಗಡಿ ಅಂದರೆ ದೊಡ್ಡ ಮಾತಾಯಿತು. ಆರಡಿ ಉದ್ದ, ನಾಲ್ಕಡಿ ಅಗಲದ ಜಾಗ. ಅಷ್ಟರಲ್ಲೇ ಸೇವಂತಿಗೆ ಮೂಟೆ, ಚೆಂಡುಹೂವಿನ ಮೂಟೆ, ಗುಲಾಬಿ ಬುಟ್ಟಿ, ತಕ್ಕಡಿ, ನೀರಿನ ಬಕೆಟ್ಟು, ಬಕೆಟ್ಟಿನೊಳಗೊಂದು ಪ್ಲಾಸ್ಟಿಕ್ ಮಗ್ಗು, ಇವೆಲ್ಲದರ ನಡುವೆ ಒಂದೇ ಒಂದು ಮರದ ಸ್ಟೂಲು. ಎರಡನೆಯ ಸ್ಟೂಲು ಇಡಬೇಕೆಂದರೆ ಗುಲಾಬಿ ಬುಟ್ಟಿಯನ್ನು ಓಡಾಡುವ ದಾರಿಗೆ ತಳ್ಳಬೇಕು. ಹಾಗಾಗಿ ಎರಡನೆಯ ಸ್ಟೂಲಿನ ಮಾತನ್ನು ಇಷ್ಟು ವರ್ಷದಲ್ಲಿ ಯಾರೂ ಎತ್ತಿರಲಿಲ್ಲ.

ಆ ಸ್ಟೂಲಿನ ಮೇಲೆ ಮೊದಲು ಕೂತಿದ್ದವಳು ಅತ್ತೆ ಪಿಳ್ಳಮ್ಮ. ಹತ್ತೊಂಬತ್ತು ವರ್ಷ ಕೂತಳು. ಮದುವೆಯಾಗಿ ಬಂದ ವಾರಕ್ಕೇ ಸೊಸೆಯನ್ನು ಅಂಗಡಿಗೆ ಕರೆತಂದು ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಸೊಸೆ ನಿಂತೇ ಇದ್ದಳು. ಪಿಳ್ಳಮ್ಮ ತೀರಿಕೊಂಡಾಗ ಶಶಿರೇಖಾ ಅತ್ತಿದ್ದು ನಿಜ, ಆದರೆ ಅಳುವಿನ ನಡುವೆ ಒಮ್ಮೆ ಆ ಸ್ಟೂಲು ನೆನಪಿಗೆ ಬಂದಿದ್ದೂ ನಿಜ. ಇನ್ನೇನು ಅದು ತನ್ನ ಪಾಲಿಗೆ ಬಂತು ಅನ್ನುವಷ್ಟರಲ್ಲಿ ಗಂಡ ನಂದಕುಮಾರ ಕೊಳೆತ ಹೂವಿನ ರಾಶಿಯ ಮೇಲೆ ಜಾರಿ ಬಿದ್ದು ಮಂಡಿಚಿಪ್ಪು ಒಡೆದುಕೊಂಡ. ಆಪರೇಷನ್ ಆಯಿತು, ಕಾಲು ಮಡಿಸಲು ಬಾರದಾಯಿತು. ಸ್ಟೂಲು ಅವನದಾಯಿತು. ಅದಾಗಿ ಹನ್ನೆರಡು ವರ್ಷ.

ಬೆಳಗಿನ ಜಾವ ನಾಲ್ಕೂವರೆಯಿಂದ ಮಧ್ಯಾಹ್ನ ಹನ್ನೆರಡರವರೆಗೆ ನಿಲ್ಲುವುದು. ಆಮೇಲೆ ಬಸ್ಸಿನಲ್ಲಾದರೂ ಕೂರಬಹುದಲ್ಲ ಅಂದರೆ ಮನೆ ಇರುವುದು ಚಾಮರಾಜಪೇಟೆಯ ಮೂರನೇ ಮೇನಿನಲ್ಲಿ. ಅಷ್ಟು ಹತ್ತಿರಕ್ಕೆ ಯಾರು ಬಸ್ಸು ಹತ್ತುತ್ತಾರೆ? ಮನೆಗೆ ಬಂದರೆ ಒಲೆಯ ಮುಂದೆ ನಿಲ್ಲಬೇಕು. ಹೋದ ವರ್ಷ ಕಾಲು ಊದಿಕೊಂಡಾಗ ಡಾಕ್ಟರ ಹತ್ತಿರ ಹೋಗಿದ್ದಳು. ರಕ್ತ ಪರೀಕ್ಷೆಯಲ್ಲಿ ಎಲ್ಲ ಸರಿಯಾಗಿತ್ತು. ಡಾಕ್ಟರು ಒಂದು ಮಾತ್ರೆ ಬರೆದರು, ರೆಸ್ಟ್ ತಗೊಳ್ಳಿ ಅಂದರು. ಮಾತ್ರೆ ಮೆಡಿಕಲ್ ಸ್ಟೋರಿನಲ್ಲಿ ಸಿಕ್ಕಿತು.

ಅವಳಿಗೆ ಐವತ್ತಮೂರು. ಆಯಾಸ ಅನ್ನುವುದು ಈಗೀಗ ಅವಳಿಗೆ ಬಂದು ಹೋಗುವ ವಸ್ತುವಾಗಿರಲಿಲ್ಲ. ಮೈಮೇಲೆ ಸೀರೆ ಇದ್ದ ಹಾಗೆ ಇತ್ತು.

ಇಂಥ ದಿನಗಳಲ್ಲಿ ಒಂದು ಬೆಳಿಗ್ಗೆ ಮಾಯಣ್ಣ ಅಂಗಡಿಗೆ ಬಂದ. ಮಾಯಣ್ಣ ಹುಟ್ಟಿದ್ದು ಮೈಸೂರು ರಸ್ತೆಯ ಆಚೆಯ ಒಂದು ಹಳ್ಳಿಯಲ್ಲಿ. ಹಳ್ಳಿ ಬಡಾವಣೆಯಾಗುವಾಗ ಸೈಟು ಮಾರುತ್ತ ಮಾರುತ್ತ ಅವನೂ ದೊಡ್ಡವನಾದ. ಈಗ ಪ್ರತಿ ಹಬ್ಬಕ್ಕೂ ಅವನ ಮುಖ ಫ್ಲೆಕ್ಸಿನ ಮೇಲೆ ನಗುತ್ತದೆ. ಅವನ ಮನೆದೇವರು ಮುನೇಶ್ವರ; ಜಲಾಶಯದ ನಡುವಿನ ಪುಟ್ಟ ನಡುಗಡ್ಡೆಯ ಮೇಲೆ ಗುಡಿ. ಅದನ್ನು ಜೀರ್ಣೋದ್ಧಾರ ಮಾಡಿಸಿದ್ದಾನೆ, ಅಂಗಳಕ್ಕೆ ಹಾಸುಗಲ್ಲು ಹಾಕಿಸಿದ್ದಾನೆ, ಮುಂದಿನ ಶುಕ್ರವಾರ ಕಳಶ ಪ್ರತಿಷ್ಠೆ, ಹೆಲಿಕಾಪ್ಟರಿನಿಂದ ಪುಷ್ಪವೃಷ್ಟಿ.

"ಅರವತ್ತು ಕೆಜಿ ಎಸಳು ಬೇಕು ಅಕ್ಕಾ. ಬರೀ ಎಸಳು, ತೊಟ್ಟು ಇರಬಾರ್ದು. ಹೋದ ವರ್ಷ ಇನ್ನೊಂದು ಗುಡಿಗೆ ಹಾಕ್ಸಿದ್ನಲ್ಲ, ನಮ್ಮ ಹುಡುಗ್ರು ಮೂಟೆ ಮೂಟೆನೇ ಬಗ್ಗಿಸ್ಬಿಟ್ರು. ಶಾಮಿಯಾನ ಹರಿದೋಯ್ತು. ಪೂಜಾರಪ್ಪ ಇವತ್ತಿಗೂ ನನ್ನ ಮಾತಾಡ್ಸಲ್ಲ."

"ಹಸಿ ಎಸಳು ಹಂಗೇ ಉಂಡೆ ಕಟ್ಟತ್ತೆ. ಒಣಗಿರ್ಬೇಕು, ಸಣ್ಣ ಹಿಡೀಲಿ ಬಿಡ್ಬೇಕು, ಗಾಳಿ ನೋಡ್ಕೊಂಡು," ಎಂದಳು ಶಶಿರೇಖಾ.

"ಅದಕ್ಕೇ ಹೇಳ್ತಿರೋದು. ಹೂವಿನ ಕೈ ಇರೋರು ಒಬ್ರು ಬರ್ಬೇಕು. ನಿಮ್ಮನೇಲಿ ಯಾರು ಬರ್ತೀರ?"

ನಂದಕುಮಾರನ ಕಣ್ಣು ಒಂದು ಕ್ಷಣ ಹೊಳೆಯಿತು. ಆಮೇಲೆ ಅವನು ತನ್ನ ಕಾಲನ್ನು ನೋಡಿಕೊಂಡ. "ನನ್ನ ಕಾಲು ಅದನ್ನ ಹತ್ತಲ್ಲ," ಎಂದು ಹೆಂಡತಿಯ ಕಡೆ ತಿರುಗಿದ. "ನೀನೇ ಹೋಗು ಶಶಿ. ಆರಾಮಾಗಿ ಕೂತ್ಕೊಂಡ್ ಹೋಗಿ ಕೂತ್ಕೊಂಡ್ ಬಾ."

ಬೇರೆ ಯಾರಾದರೂ ಆಕಾಶದ ಬಗ್ಗೆ ಕೇಳುತ್ತಿದ್ದರು, ಭಯದ ಬಗ್ಗೆ ಕೇಳುತ್ತಿದ್ದರು. ಶಶಿರೇಖಾ ಕೇಳಿದ್ದು ಬೇರೆ. "ಸೀಟಿರತ್ತಾ ಮಾಯಣ್ಣೋರೆ?"

ಮಾಯಣ್ಣ ಹೊಟ್ಟೆ ಕುಲುಕಿಸಿ ನಕ್ಕ. "ನಿಂತ್ಕೊಂಡು ಹೋಗಕ್ಕೆ ಅದೇನು ಬಿಎಂಟಿಸಿ ಬಸ್ಸಾ ಅಕ್ಕಾ? ಕಿಟಕಿ ಪಕ್ಕದ ಸೀಟೇ ಕೊಡ್ತೀನಿ."

ಅಲ್ಲಿಂದ ಶುರುವಾಯಿತು ನೋಡಿ. ಇಡೀ ವಾರ ಅವಳ ತಲೆಯಲ್ಲಿ ಆ ಸೀಟೊಂದೇ. ಮುನೇಶ್ವರನಿಗೆ ಹೂ ಸುರಿಯುವುದು ಐದು ನಿಮಿಷದ ಕೆಲಸ. ಅದು ಬಿಟ್ಟರೆ ಹೋಗುವಾಗ, ಬರುವಾಗ, ಕೈ ಎರಡನ್ನೂ ಮಡಿಲಲ್ಲಿಟ್ಟುಕೊಂಡು ಕಿಟಕಿ ಪಕ್ಕ ಸುಮ್ಮನೆ ಕೂತಿರಬೇಕು. ಯಾರೂ ಏಳು ಅನ್ನಬಾರದು, ಒಂದು ಮೊಳ ಕೊಡು ಅನ್ನಬಾರದು. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ನಗುತ್ತಾರೆ, ಇಷ್ಟಕ್ಕೆ ಹೆಲಿಕಾಪ್ಟರ್ ಯಾಕೆ ಬೇಕಿತ್ತು ಅನ್ನುತ್ತಾರೆ. ಅವಳಿಗೂ ಒಳಗೊಳಗೇ ನಾಚಿಕೆಯಾಗುತ್ತಿತ್ತು.

ಪಕ್ಕದ ಅಂಗಡಿಯ ಧನಲಕ್ಷ್ಮಿಗೆ ಮಾತ್ರ ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ. "ಮೇಲಿಂದ ನಮ್ ಮಾರ್ಕೆಟ್ ಕಂಡ್ರೆ ಕೈ ಬೀಸೇ, ನಾನು ಇಲ್ಲಿಂದ ಸುಗಂಧರಾಜ ಎತ್ತಿ ತೋರಿಸ್ತೀನಿ," ಎಂದು ದಿನಕ್ಕೆ ನಾಲ್ಕು ಸಲ ಹೇಳಿದಳು. ಹಾಗೆಂದು ಸಹಾಯಕ್ಕೆ ಬರದೆ ಇರಲಿಲ್ಲ. ಗುರುವಾರ ಮಧ್ಯಾಹ್ನ ಚಾಮರಾಜಪೇಟೆಯ ಮನೆಯ ಮಹಡಿಯ ಮೇಲೆ ಚಾಪೆ ಹಾಸಿ, ಅವಳೂ ಇನ್ನೂ ಆರು ಜನ ಹೆಂಗಸರೂ ಕೂತು ಗುಲಾಬಿ, ಸೇವಂತಿಗೆ, ಚೆಂಡುಹೂವು ಬಿಡಿಸಿದರು. ಶಶಿರೇಖಾ ನಿಂತು ತೊಟ್ಟು ಆರಿಸಿದಳು, ಕಾಫಿ ಮಾಡಿ ತಂದಳು, ಹತ್ತು ಸಲ ಎಚ್ಚರಿಸಿದಳು: "ನೀರು ಮಾತ್ರ ಸೋಕಿಸ್ಬೇಡ್ರಮ್ಮ. ಒಂದು ಹನಿನೂ ಬೇಡ." ಸಂಜೆಗೆ ಹತ್ತು ಹತ್ತು ಕೆಜಿಯ ಆರು ಮೂಟೆ, ಎಲ್ಲ ತೆಳುವಾದ ಹತ್ತಿ ಬಟ್ಟೆಯವು, ಗೋಡೆಗೊರಗಿ ನಿಂತವು. ಎಸಳು ಕಾಗದದ ಹಾಗೆ ಸರಸರ ಅನ್ನುತ್ತಿದ್ದವು.

ಶುಕ್ರವಾರ ಬೆಳಿಗ್ಗೆ ಆರಕ್ಕೆ ಮಾಯಣ್ಣ ಕಳಿಸಿದ ಟೆಂಪೋ ಬಂತು. ಅವಳು ಹಸಿರು ಮೈಸೂರು ಸಿಲ್ಕ್ ಉಟ್ಟಿದ್ದಳು, ಮುಡಿಗೆ ಕನಕಾಂಬರ ಮುಡಿದಿದ್ದಳು. ನಂದಕುಮಾರ ಬಾಗಿಲಲ್ಲಿ ಕೋಲೂರಿ ನಿಂತು ಮೂಟೆ ಎಣಿಸಿದ. ಮೂಟೆಗಳು ಟೆಂಪೋ ಏರಿದವು, ಅವಳೂ ಏರಿದಳು. ಎಲ್ಲ ಸರಿಯಾಗಿಯೇ ಇತ್ತು.

ಮೈಸೂರು ರಸ್ತೆಯ ಆಚೆ ಒಂದು ಕಾಲೇಜಿನ ಮೈದಾನದಲ್ಲಿ ಹೆಲಿಕಾಪ್ಟರ್ ನಿಂತಿತ್ತು. ಕೆಂಪು ಮಣ್ಣಿನ ಮೈದಾನ, ಮಧ್ಯೆ ಸುಣ್ಣದಲ್ಲಿ ಬರೆದ ವೃತ್ತ. ಪೈಲಟ್ ಬದರೀನಾರಾಯಣ ಮಲ್ಲೇಶ್ವರದವರು, ಸೈನ್ಯದಿಂದ ನಿವೃತ್ತರಾದವರು, ನೆರೆತ ಮೀಸೆ, ಅಳೆದು ತೂಗಿದ ಮಾತು. ಅವರು ಒಂದು ಪ್ಲಾಟ್‌ಫಾರಂ ತಕ್ಕಡಿ ಇಟ್ಟುಕೊಂಡು ಎಲ್ಲರನ್ನೂ ತೂಗುತ್ತಿದ್ದರು. ಮಾಯಣ್ಣ ತೊಂಬತ್ತಾರು ತೂಗಿದ. ಅವನ ತಾಯಿ ಮುನಿಯಕ್ಕ, ಎಂಬತ್ತು ದಾಟಿದ ಮುದುಕಿ, ರೇಷ್ಮೆ ಸೀರೆ ಸಮೇತ ನಲವತ್ತೊಂದು. ವಿಡಿಯೋ ತೆಗೆಯುವ ಲೋಹಿತ್ ಎಪ್ಪತ್ತು. ಜೀವನವಿಡೀ ತೂಗಿದ ಶಶಿರೇಖಾ ಮೊದಲ ಸಲ ತಾನು ತಕ್ಕಡಿಯ ಮೇಲೆ ನಿಂತಳು. ಐವತ್ತೆಂಟು.

"ಇನ್ನು ಹೂವು," ಎಂದರು ಬದರೀನಾರಾಯಣ.

ಮೊದಲ ಮೂಟೆಯನ್ನು ಅವಳೇ ಎತ್ತಿಕೊಟ್ಟಳು. ಎತ್ತಿದೊಡನೆ ತಿಳಿಯಿತು. ಮೂವತ್ತೊಂದು ವರ್ಷ ಮೂಟೆ ಎತ್ತಿದ ಕೈಗೆ ತಕ್ಕಡಿ ಬೇಕಿರಲಿಲ್ಲ. ಅದು ಹತ್ತು ಕೆಜಿ ಅಲ್ಲ, ಹದಿನಾಲ್ಕು. ಬಟ್ಟೆಯ ತಳ ತಣ್ಣಗಿತ್ತು.

ಆಗ ನೆನಪಾಯಿತು. ಟೆಂಪೋ ಬರುವ ಐದು ನಿಮಿಷ ಮುಂಚೆ, ಯಾವುದೋ ಯೋಚನೆಯಲ್ಲಿ, ಬಹುಶಃ ಆ ಸೀಟಿನ ಯೋಚನೆಯಲ್ಲೇ, ಅವಳು ಬಚ್ಚಲಿಂದ ಬಕೆಟ್ಟು ತಂದಿದ್ದಳು. ದಿನವೂ ಅಂಗಡಿ ತೆರೆದ ಕೂಡಲೇ ಮಾಡುವ ಹಾಗೆ, ಒಂದೊಂದೇ ಮೂಟೆಯ ಬಾಯಿ ಬಿಚ್ಚಿ, ಮಗ್ಗಿನಿಂದ ನೀರು ಚಿಮುಕಿಸಿ, ಕೈಯಾಡಿಸಿ, ಇನ್ನೂ ನಾಲ್ಕು ಮಗ್ಗು ಹುಯ್ದು, ಮತ್ತೆ ಬಾಯಿ ಕಟ್ಟಿದ್ದಳು. ಹೂವಿನ ಮೂಟೆ ಕಂಡೂ ನೀರು ಹಾಕದೆ ಇರುವುದು ಆ ಕೈಗೆ ಗೊತ್ತೇ ಇರಲಿಲ್ಲ.

"ಒಟ್ಟು ಎಂಬತ್ತಾರು. ನೀವು ಅರವತ್ತು ಅಂದಿದ್ರಿ," ಎಂದರು ಬದರೀನಾರಾಯಣ. "ಇಪ್ಪತ್ತಾರು ಕೆಜಿ ಜಾಸ್ತಿ. ನಾನು ಎತ್ತಲ್ಲ."

"ನೀರು ಯಾರು ಹಾಕಿದ್ದು?" ಮಾಯಣ್ಣನ ದನಿ ಏರಿತು.

ಧನಲಕ್ಷ್ಮಿಯ ಮೇಲೆ ಹಾಕಬಹುದಿತ್ತು, ಗೊತ್ತಿಲ್ಲ ಅನ್ನಬಹುದಿತ್ತು. "ನಾನೇ," ಎಂದಳು ಶಶಿರೇಖಾ. "ಕೈ ಹಾಕ್ಬಿಡ್ತು ಮಾಯಣ್ಣೋರೆ. ನಂಗೆ ಗೊತ್ತೇ ಆಗ್ಲಿಲ್ಲ."

ಮಾಯಣ್ಣ ಗಡ್ಡ ಕೆರೆದುಕೊಂಡ. ಅವನು ಇಳಿಯುವಂತಿಲ್ಲ, ತಾಯಿಯನ್ನು ಇಳಿಸುವಂತಿಲ್ಲ, ವಿಡಿಯೋ ಇಲ್ಲದಿದ್ದರೆ ಹೂ ಸುರಿದೂ ಸುಖವಿಲ್ಲ. "ಹಂಗಾದ್ರೆ ಅಕ್ಕಾ, ನೀವು ಇಲ್ಲೇ ಇದ್ಬಿಡಿ. ನಾವೇ ಹೆಂಗೋ ಸುರೀತೀವಿ."

ಇಷ್ಟು ಹತ್ತಿರ ಬಂದಿದ್ದ ಸೀಟು ಕಣ್ಣೆದುರಿಗೇ ಹೋಗುತ್ತಿತ್ತು, ಅದೂ ತನ್ನದೇ ಕೈಯಿಂದ. ಅಳು ಬಂತು, ನುಂಗಿಕೊಂಡಳು. ನುಂಗಿಕೊಂಡು ತನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಮುಂದೆ ಮಾಡಿದಳು.

"ಹಿಂಗೇ ಸುರಿದ್ರೆ ಹೋದ ವರ್ಷದ ಕಥೆನೇ ಆಗತ್ತೆ. ಒಣಗಿಸ್ಬೇಕು. ತೆಳ್ಳಗೆ ಹರಡಿದ್ರೆ ಮುಕ್ಕಾಲು ಗಂಟೆ ಬಿಸಿಲು ಸಾಕು. ಇಲ್ಲಿ ಬರೀ ಧೂಳು. ಗುಡಿ ಮುಂದೆ ಹಾಸುಗಲ್ಲು ಹಾಕ್ಸಿದೀನಿ ಅಂದ್ರಲ್ಲ, ಅಲ್ಲಿ ನಾನು ಒಣಗಿಸ್ಕೊಡ್ತೀನಿ."

ಬದರೀನಾರಾಯಣ ಅವಳನ್ನೊಮ್ಮೆ ನೋಡಿದರು, ಗಡಿಯಾರವನ್ನೊಮ್ಮೆ ನೋಡಿದರು. "ಆಗಬಹುದು. ಮೊದಲು ಹೂವು ಮತ್ತೆ ಇವರನ್ನ ಬಿಟ್ಟು ಬರ್ತೀನಿ. ಒಂದು ಗಂಟೆ ಬಿಟ್ಟು ನಿಮ್ಮನ್ನೆಲ್ಲ ಕರ್ಕೊಂಡು ಹೋಗಿ, ಅಲ್ಲಿಳಿದು, ಇವರನ್ನೂ ಒಣಗಿದ ಹೂವನ್ನೂ ಹತ್ತಿಸ್ಕೊಂಡು ಗುಡಿ ಸುತ್ತು ಹಾಕೋಣ."

ಸೀಟು ಉಳಿಯಿತು. ಅದರ ಜೊತೆಗೆ ಕೆಲಸವೂ ಬಂತು. ಕೆಲಸವಿಲ್ಲದೆ ಕೂರುವ ಒಂದು ದಿನಕ್ಕೆ ಕೆಲಸವನ್ನು ಅವಳೇ ಬಾಯಿಬಿಟ್ಟು ಕೇಳಿ ತಂದುಕೊಂಡಿದ್ದಳು.

ಹಿಂದಿನ ಸಾಲಿನಲ್ಲಿ ಕಿಟಕಿ ಪಕ್ಕ ಅವಳು, ಅವಳ ಪಕ್ಕದಲ್ಲಿ, ಕಾಲ ಬುಡದಲ್ಲಿ ಮೂಟೆಗಳು. ಕಿವಿಗೆ ದಪ್ಪನೆಯ ಹೆಡ್‌ಫೋನ್ ಹಾಕಿದರು. ಮೇಲೆ ರೆಕ್ಕೆ ತಿರುಗತೊಡಗಿತು, ಮೈದಾನದ ಕೆಂಪು ಧೂಳೆಲ್ಲ ಎದ್ದು ಮಾಯಣ್ಣನ ಬಿಳಿ ಅಂಗಿಯ ಮೇಲೆ ಕೂತಿತು. ಅವನು ಒಂದು ಕೈಯಲ್ಲಿ ತಾಯಿಯನ್ನೂ ಇನ್ನೊಂದು ಕೈಯಲ್ಲಿ ಪಂಚೆಯನ್ನೂ ಹಿಡಿದುಕೊಳ್ಳುವುದನ್ನು ಅವಳು ನೋಡಿದಳು. ಅಬ್ಬಾ, ಎಂಥ ಗಾಳಿ ಎಂದುಕೊಂಡಳು. ನೆಲ ಕೆಳಗಿಳಿಯಿತು.

ಮಾರುಕಟ್ಟೆ ಕಾಣಲಿಲ್ಲ. ಹೆಲಿಕಾಪ್ಟರ್ ಊರಿಗೆ ಬೆನ್ನು ತಿರುಗಿಸಿ ಹೊರಟಿತು. ಧನಲಕ್ಷ್ಮಿಯ ಸುಗಂಧರಾಜ ಅಲ್ಲೇ ಉಳಿಯಿತು. ಬಡಾವಣೆಗಳ ಚೌಕಗಳು ಮುಗಿದವು, ತೆಂಗಿನ ತೋಟಗಳು ಬಂದವು, ಒಂದು ಕಲ್ಲಿನ ಗುಡ್ಡ ಬಂತು, ಅದರ ನೆತ್ತಿಯ ಮೇಲೆ ಮೇಕೆಗಳು ತಲೆಯೆತ್ತಿ ನೋಡಿದವು. ಆಮೇಲೆ ಒಂದು ಹೊಲ ಬಂತು, ಇಡಿಯಾಗಿ ಹಳದಿ. ಅದರ ಪಕ್ಕದ್ದು ಕಿತ್ತಳೆ ಬಣ್ಣ. ಆಚೆ ಮತ್ತೆ ಹಳದಿ. ಏನೆಂದು ಅವಳಿಗೆ ಮೊದಲು ಹೊಳೆಯಲಿಲ್ಲ.

ಚೆಂಡುಹೂವು! ಮೂವತ್ತೊಂದು ವರ್ಷದಿಂದ ಮೂಟೆಯಲ್ಲಿ ಮಾತ್ರ ನೋಡಿದ ಹೂವು. ಕತ್ತಲಲ್ಲಿ ಲಾರಿಯಿಂದ ಇಳಿದು, ಬಿಸಿಲೇರುವುದರೊಳಗೆ ಮಾರಾಟವಾಗಿ ಹೋಗುವ ಹೂವು, ಇಲ್ಲಿ ಬಿಸಿಲಲ್ಲಿ ಸುಮ್ಮನೆ ನಿಂತಿತ್ತು. ಅವಳು ಹಣೆಯನ್ನು ಗಾಜಿಗೆ ಒತ್ತಿದಳು. ಇಷ್ಟು ಚೆಂದ ಇದು ಅನ್ನುವುದು ಇಷ್ಟು ವರ್ಷ ತನಗೆ ತಿಳಿದಿರಲಿಲ್ಲವಲ್ಲ ಎಂದು ಸಂಕಟವಾಯಿತು, ಸಂತೋಷವೂ ಆಯಿತು. ಕೈ ಮಡಿಲಲ್ಲಿಟ್ಟುಕೊಳ್ಳಲು ನೋಡಿದಳು, ಆಗಲಿಲ್ಲ. ಎರಡೂ ಕೈ ಮೂಟೆಗಳ ಬಾಯಿ ಹಿಡಿದಿದ್ದವು. ಹನ್ನೆರಡು ನಿಮಿಷಕ್ಕೆ ನೀರು ಬಂತು. ನೀರಿನ ನಡುವೆ ಅಂಗೈ ಅಗಲದ ನಡುಗಡ್ಡೆ, ಒಂದು ಆಲದಮರ, ಹೊಸದಾಗಿ ಬಣ್ಣ ಬಳಿದ ಗುಡಿ. ಆಚೆ ದಡದಲ್ಲಿ ಶಾಮಿಯಾನ, ಇರುವೆಗಳ ಹಾಗೆ ಕಾಣುವ ಜನ. ಹೆಲಿಕಾಪ್ಟರಿನ ಕೆಲಸ ಮುಗಿಯುವ ತನಕ ಒಂದು ದೋಣಿಯನ್ನೂ ನೀರಿಗಿಳಿಸಬಾರದೆಂದು ಬದರೀನಾರಾಯಣ ಮೊದಲೇ ಕಟ್ಟಪ್ಪಣೆ ಮಾಡಿದ್ದರು.

ನಡುಗಡ್ಡೆಯ ತುದಿಯಲ್ಲಿ ಇಳಿಸಿ, ಮೂಟೆಗಳನ್ನು ಕೆಳಗಿಟ್ಟು ಅವರು ಹೇಳಿದರು: "ಖಾಲಿ ಚೀಲ ಮಾತ್ರ ಕಲ್ಲಿನ ಕೆಳಗಿಡಿ, ಹಾರಿ ಫ್ಯಾನಿಗೆ ಸಿಕ್ಕಿದ್ರೆ ಅಪಾಯ. ಶಬ್ದ ಕೇಳಿದ ಕೂಡಲೇ ಹೂವೆಲ್ಲ ಬಾಚಿ ತುಂಬಿಬಿಡಿ. ಇಲ್ಲದಿದ್ರೆ ನನ್ನ ಗಾಳಿಗೆ ಒಂದೂ ಉಳಿಯಲ್ಲ."

"ಹೂಂ ಸಾರ್," ಎಂದಳು.

ಹೆಲಿಕಾಪ್ಟರ್ ಹೋಯಿತು. ಶಬ್ದ ಸಣ್ಣದಾಗಿ, ಇನ್ನೂ ಸಣ್ಣದಾಗಿ, ಇಲ್ಲವಾಯಿತು.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮೂಟೆಗಳನ್ನು ಒಂದೊಂದಾಗಿ ಗುಡಿಯ ಮುಂದಕ್ಕೆ ಎಳೆದಳು. ಹೊಸ ಹಾಸುಗಲ್ಲು ಆಗಲೇ ಕಾದಿತ್ತು. ಸುರಿದಳು, ಬಗ್ಗಿ ಕೈಯಿಂದ ಹರಡಿದಳು, ಉಂಡೆ ಬಿಡಿಸಿದಳು. ಕೆಂಪು ಒಂದು ಕಡೆ, ಹಳದಿ ಒಂದು ಕಡೆ. ಸೊಂಟ ಹಿಡಿಯಿತು. ಮೈಸೂರು ಸಿಲ್ಕಿನ ಅಂಚು ಒದ್ದೆಯಾಯಿತು. ಎಲ್ಲ ಹರಡಿ, ಚೀಲಗಳನ್ನು ಮಡಿಸಿ, ಮೇಲೊಂದು ದೊಡ್ಡ ಕಲ್ಲು ಹೇರಿ ನೆಟ್ಟಗಾದಾಗ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ.

ಇನ್ನು ಮಾಡಲು ಏನೂ ಇರಲಿಲ್ಲ. ಹೂವು ಒಣಗುವ ಕೆಲಸ ಬಿಸಿಲಿನದು.

ಯಾರಾದರೂ ಕರೆಯುತ್ತಾರೇನೋ ಎಂದು ಅವಳು ಅಭ್ಯಾಸಬಲದಿಂದ ಕಾದಳು. ಯಾರೂ ಕರೆಯಲಿಲ್ಲ. ಮೊಬೈಲ್ ತೆಗೆದು ನೋಡಿದಳು, ಸಿಗ್ನಲ್ ಇರಲಿಲ್ಲ. ಗುಡಿಯ ಪಕ್ಕದಲ್ಲಿ ನೀರಿಗೆ ಇಳಿಯುವ ನಾಲ್ಕು ಮೆಟ್ಟಿಲಿದ್ದವು. ಕೊನೆಯ ಮೆಟ್ಟಿಲಿನ ಮೇಲೆ ಅವಳು ಕೂತಳು. ಚಪ್ಪಲಿ ಬಿಟ್ಟು, ಊದಿಕೊಂಡ ಕಾಲೆರಡನ್ನೂ ನೀರಿನಲ್ಲಿ ಇಳಿಬಿಟ್ಟಳು. ತಣ್ಣನೆಯ ನೀರು. ಕೈ ಮಡಿಲಿಗೆ ಬಂತು.

ಕೂತಳು. ಒಂದು ನೀರುಕಾಗೆ ಮುಳುಗಿ ದೂರದಲ್ಲಿ ಎದ್ದಿತು. ಆಲದ ಎಲೆಗಳು ಅಲ್ಲಾಡಿದವು. ಬೆನ್ನ ಹಿಂದಿನಿಂದ ಹೂವಿನ ವಾಸನೆ ಬರುತ್ತಿತ್ತು. ಮಾರುಕಟ್ಟೆಯಲ್ಲಿ ಅದಕ್ಕೆ ಕೊಳೆತ ವಾಸನೆ ಬೆರೆತಿರುತ್ತದೆ, ಇಲ್ಲಿ ಬೆರೆತಿರಲಿಲ್ಲ. ಅವಳು ಏನನ್ನೂ ಯೋಚಿಸಲಿಲ್ಲ. ಯೋಚಿಸುವುದೂ ಒಂದು ಕೆಲಸವೇ, ಅದನ್ನೂ ಬಿಟ್ಟುಬಿಟ್ಟಿದ್ದಳು. ಸುಖವಾಗಿತ್ತು. ಸುಖ ಅಂದರೆ ಇಷ್ಟೆಯೇ ಎಂದು ಆಶ್ಚರ್ಯವಾಗುವಷ್ಟು ಸುಖವಾಗಿತ್ತು.

ಎಷ್ಟು ಹೊತ್ತಾಯಿತೋ, ಶಬ್ದ ಕೇಳಿಸಿತು.

ತಲೆಯೆತ್ತಿ ನೋಡಿದಳು. ಗುಡ್ಡದ ಮೇಲೆ ಒಂದು ಚುಕ್ಕೆ. ಇಲ್ಲಿಗೆ ಬರಲು ಐದು ನಿಮಿಷ. ಅವಳಿಗೆ ಕೆಲಸದ ಲೆಕ್ಕ ಚೆನ್ನಾಗಿ ಗೊತ್ತಿತ್ತು: ಬೇಗ ಬಾಚಿದರೆ ಒಂದು ಮೂಟೆಗೆ ಒಂದೂವರೆ ನಿಮಿಷ. ಮೂರು ಮೂಟೆಯನ್ನಂತೂ ಉಳಿಸಬಹುದು. ಏಳಬೇಕು.

ಏಳ್ತೀನಿ ಎಂದುಕೊಂಡಳು. ಕಾಲು ನೀರಿನಲ್ಲೇ ಇತ್ತು. ಚುಕ್ಕೆಗೆ ಬಾಲ ಬಂತು. ಈಗ ಎದ್ದರೆ ಎರಡು ಮೂಟೆ. ಅವಳಿಗೆ ಪಿಳ್ಳಮ್ಮನ ದನಿ ಕೇಳಿಸಿದಂತಾಯಿತು, 'ಏ ಶಶೀ, ಗಿರಾಕಿ ಬಂದವ್ರೆ ನೋಡೇ'. ನಂದಕುಮಾರನ ದನಿ, 'ಶಶಿ, ಸ್ವಲ್ಪ ಆ ಬುಟ್ಟಿ'. ಎಂದಾದರೂ ಆ ದನಿಗಳಿಗೆ ಅವಳು ತಡಮಾಡಿದ್ದುಂಟೇ? ಬೆಳಗಿನ ಜಾವ ತನ್ನನ್ನು ಕೇಳದೆ ನೀರು ಹುಯ್ದ ಕೈಗಳು ಈಗಲೂ ತಾವಾಗಿಯೇ ಏಳಬಹುದೆಂದು ಅವಳು ಅವುಗಳ ಕಡೆ ನೋಡಿದಳು. ಅವು ಮಡಿಲಲ್ಲಿ ಒಂದರ ಮೇಲೊಂದು ಬಿದ್ದಿದ್ದವು, ಅಲ್ಲಾಡಲಿಲ್ಲ. ಅವಳೂ ಅವುಗಳಿಗೆ ಏನೂ ಹೇಳಲಿಲ್ಲ. ಭಯವಿರಲಿಲ್ಲ, ಸಿಟ್ಟೂ ಇರಲಿಲ್ಲ. ಸಾಕಾಗಿತ್ತು, ಅಷ್ಟೆ. ಇನ್ನೊಂದು ಸ್ವಲ್ಪ ಹೊತ್ತು ಕೂರಬೇಕಿತ್ತು.

ಹೆಲಿಕಾಪ್ಟರ್ ತಲೆಯ ಮೇಲೆ ಬಂತು.

ಮೊದಲು ನೀರು ನಡುಗಿತು. ಆಮೇಲೆ ಬೆನ್ನ ಹಿಂದೆ ಅಂಗಳಕ್ಕೆ ಅಂಗಳವೇ ಎದ್ದಿತು. ಅವಳು ತಿರುಗಿ ನೋಡಿದಳು. ಅರವತ್ತು ಕೆಜಿ ಎಸಳು, ಕೆಂಪು, ಹಳದಿ, ಬಿಳಿ, ಒಣಗಿ ಹಗುರಾಗಿ, ಗುಡಿಯ ಗೋಡೆಗೆ ಬಡಿದು ಮೇಲಕ್ಕೇರಿತು, ಹೊಸ ಕಳಶವನ್ನು ದಾಟಿತು, ಆಲದಮರವನ್ನು ದಾಟಿತು. ಮೇಲೇರಿ ನಿಧಾನವಾಗಿ ಹರಡಿಕೊಂಡು, ಗುಡಿಯ ಮೇಲೆ, ನೀರಿನ ಮೇಲೆ, ಅವಳ ತಲೆ ಹೆಗಲು ಮಡಿಲಿನ ಮೇಲೆ ಇಳಿಯತೊಡಗಿತು. ಒಂದು ಉಂಡೆಯೂ ಇರಲಿಲ್ಲ. ಎಲ್ಲ ಬಿಡಿ ಬಿಡಿ ಎಸಳು. ಅಷ್ಟು ಚೆನ್ನಾಗಿ ಅವಳ ಕೈಯೂ ಸುರಿಯುತ್ತಿರಲಿಲ್ಲ. ಆಚೆ ದಡದಲ್ಲಿ ಶಿಳ್ಳೆ, ಕೂಗು, ತಮಟೆ ಎಲ್ಲ ಒಟ್ಟಿಗೆ ಎದ್ದವು.

ರೆಕ್ಕೆ ನಿಂತ ಮೇಲೆ ಮಾಯಣ್ಣ ಇಳಿದು ಬಂದ. ಹೂವಿಗೆಂದು ಚಾಚಿಟ್ಟುಕೊಂಡಿದ್ದ ಕೈ ಖಾಲಿಯಾಗಿತ್ತು. ಅಂಗಳದಲ್ಲಿ ಹತ್ತಿಪ್ಪತ್ತು ಎಸಳು ಉಳಿದಿದ್ದವು.

"ಏನಕ್ಕಾ ಇದು? ನಾನು ನನ್ ಕೈಯಾರೆ ಸುರೀಬೇಕು ಅಂತ ಬಂದ್ರೆ! ಬಾಚಕ್ಕೆ ಟೈಮ್ ಸಿಗ್ಲಿಲ್ವಾ? ಶಬ್ದ ಕೇಳ್ಲಿಲ್ವಾ?"

"ಕೇಳ್ತು."

"ಮತ್ತೆ ಏನ್ ಮಾಡ್ತಿದ್ರಿ?"

ಸುಳ್ಳು ಹೇಳಲು ಅವಳಿಗೆ ಶಕ್ತಿಯಿರಲಿಲ್ಲ. "ಕೂತಿದ್ದೆ," ಎಂದಳು.

ಅಷ್ಟರಲ್ಲಿ ಮುನಿಯಕ್ಕ ಲೋಹಿತ್‌ನ ಕೈ ಹಿಡಿದು ತಡವರಿಸುತ್ತ ಬಂದಳು. ಕಣ್ಣಲ್ಲಿ ನೀರು, ಬೋಳುಬಾಯಿ ತುಂಬ ನಗು. "ಎಲ್ಲಾರೂ ಮೇಲಿಂದ ಸುರೀತಾರೆ ಕಣೋ ಮಾಯಾ, ನಮ್ ಮುನೇಶ್ವರ ಕೆಳಗಿಂದ ನನ್ ಮುಖಕ್ಕೇ ಎರಚ್ದ," ಎಂದಳು. ಮಗನ ಮುಖ ಆಗಲೂ ಸಡಿಲವಾಗಲಿಲ್ಲ. "ನೀವು ದೋಣೀಲಿ ಬನ್ನಿ ಅಕ್ಕಾ," ಎಂದು ಅವನು ಗುಡಿಯೊಳಗೆ ಹೋದ. ಇನ್ನು ಮುಂದೆ ಅವನ ಮನೆಯ ಹೂವು ಬೇರೆ ಅಂಗಡಿಯಿಂದ ಹೋಗುತ್ತದೆಂದು ಶಶಿರೇಖಾಳಿಗೆ ಅರ್ಥವಾಯಿತು. ಬೇಜಾರಾಯಿತು, ಆದರೆ ಬಹಳ ಆಗಲಿಲ್ಲ.

ದೋಣಿಯಲ್ಲೂ ಕೂತೇ ಬರಬೇಕು. ಕೂತು ಬಂದಳು.

ಮರುದಿನ ಬೆಳಿಗ್ಗೆ ಆರಕ್ಕೆ ಮಾರುಕಟ್ಟೆಯಲ್ಲಿ ಎಂದಿನ ಗದ್ದಲ. ಲೋಹಿತ್‌ನ ವಿಡಿಯೋ ಅಷ್ಟರಲ್ಲಿ ಎಲ್ಲರ ಮೊಬೈಲಿಗೂ ಬಂದಿತ್ತು. ಧನಲಕ್ಷ್ಮಿ ಅದನ್ನು ನೋಡಿ ನೋಡಿ ಗಿರಾಕಿಗಳನ್ನೇ ಮರೆತಿದ್ದಳು. ನಂದಕುಮಾರನೂ ಸ್ಟೂಲಿನ ಮೇಲೆ ಕೂತು ಮೂರು ಸಲ ನೋಡಿದ. ಹೂವು ಏಳುವ ಮುಂಚೆ, ಮೇಲಿನಿಂದ ತೆಗೆದ ಚಿತ್ರದಲ್ಲಿ, ಮೆಟ್ಟಿಲ ಮೇಲೆ ಒಂದು ಹಸಿರು ಸೀರೆ ಕಾಣುತ್ತಿತ್ತು. ಅಲ್ಲಾಡದೆ ಕೂತಿತ್ತು.

"ನೀನು ಎದ್ದೇ ಇಲ್ವಲ್ಲೇ," ಎಂದ.

"ಇಲ್ಲ."

"ಕಾಲು ನೋಯ್ತಿತ್ತಾ?"

"ದಿನಾನೂ ನೋಯತ್ತೆ," ಎಂದಳು ಅವಳು, ಸೇವಂತಿಗೆ ಮೂಟೆಯ ಬಾಯಿ ಬಿಚ್ಚುತ್ತ. ದೂರಿನ ದನಿಯಲ್ಲಿ ಹೇಳಲಿಲ್ಲ.

ನಂದಕುಮಾರ ಮೊಬೈಲ್ ಜೇಬಿಗಿಟ್ಟ. ಕೋಲೂರಿ, ಒಂದು ಕೈಯಿಂದ ಕಂಬ ಹಿಡಿದು, ಮೂರು ಪ್ರಯತ್ನದಲ್ಲಿ ಎದ್ದು ನಿಂತ. ಸ್ಟೂಲನ್ನು ಕಾಲಿನಿಂದ ಅವಳ ಕಡೆ ಸ್ವಲ್ಪ ನೂಕಿದ. ಅವಳು ಅದನ್ನು ನೋಡಿದಳು, ಅವನನ್ನು ನೋಡಿದಳು, ಮೆಲ್ಲಗೆ ಕೂತಳು.

ಕೂತೊಡನೆ ಸ್ಟೂಲು ಎಡಕ್ಕೆ ವಾಲಿತು. ಸರಿಮಾಡಿಕೊಂಡರೆ ಬಲಕ್ಕೆ ವಾಲಿತು. ಒಂದು ಕಾಲು ಗಿಡ್ಡ. ಬೀಳದೆ ಇರಬೇಕಾದರೆ ಹಿಮ್ಮಡಿ ಊರಿ, ಬೆನ್ನು ಬಿಗಿಹಿಡಿದೇ ಕೂರಬೇಕು.

"ಇದು ಅಲ್ಲಾಡತ್ತಲ್ರೀ!"

"ಅಮ್ಮನ ಕಾಲದಿಂದಲೂ ಅಲ್ಲಾಡತ್ತೆ."

"ಹನ್ನೆರಡು ವರ್ಷದಿಂದ ಯಾಕ್ರೀ ಹೇಳ್ಲಿಲ್ಲ?"

ನಂದಕುಮಾರ ಕಂಬಕ್ಕೆ ಒರಗಿದ. "ನಿಂತಿರೋಳ ಹತ್ರ ಏನಂತ ಹೇಳ್ಲಿ?" ಎಂದ.

ಅವಳು ಬಗ್ಗಿದಳು. ಒಂದು ಸೇವಂತಿಗೆ ತೊಟ್ಟನ್ನು ಮುರಿದು ಗಿಡ್ಡ ಕಾಲಿನ ಕೆಳಗೆ ತುರುಕಿದಳು. ಸ್ಟೂಲು ಸುಮಾರಾಗಿ ನಿಂತಿತು. ಅಷ್ಟರಲ್ಲಿ ಯಾರೋ ಬಂದು ಅರ್ಧ ಕೆಜಿ ಚೆಂಡುಹೂವು ಕೇಳಿದರು. ಅವಳು ಗಂಡನ ಮುಖ ನೋಡಿ, "ತೂಗಿ ಕೊಡ್ರೀ," ಎಂದಳು. ಏಳಲಿಲ್ಲ.